ನೀರಿಗಿಳಿದರೆ ಜೋತು ಬೀಳುವ ಕ್ರೋಶಾ ಈಜುಡುಗೆ: ತಪ್ಪು ದಾರದ್ದೋ, ಕೈಯದ್ದೋ?

ಬೇಸಿಗೆ ರಜೆ ಹತ್ತಿರ ಬಂತೆಂದರೆ ಬೆಳಗಾವಿಯ ಅರ್ಧ ಊರು ಚೋರ್ಲಾ ಘಾಟ ಇಳಿದು ಗೋವಾಕ್ಕೆ ಹೋಗುವ ಲೆಕ್ಕ ಹಾಕುತ್ತಿರುತ್ತದೆ. ಕ್ರೋಶಾ ಕಲಿತ ಹುಡುಗಿಯರ ಕೈಯಲ್ಲಿ ಆಗ ಒಂದೇ ಕೆಲಸ, ಸ್ವಿಮ್ಮಿಂಗ್ ಕಾಸ್ಟ್ಯೂಮ್. ಫೋಟೋದಲ್ಲಿ ಚೆಂದ, ಕನ್ನಡಿ ಮುಂದೆಯೂ ಚೆಂದ. ನೀರಿಗಿಳಿದ ಮೇಲೆ ಫೋನ್ ಬರುತ್ತದೆ: “ಅಕ್ಕಾರ, ಒಂದ ತೆರಿ ಬಂದು ಹೋಗೂದ್ರಾಗ ಹಿಂದಿಂದು ತೊಡಿಗೆ ಇಳದಿತ್ರಿ. ನಾ ಎಲ್ಲಿ ತಪ್ಪೇನಿ?”

ಹತ್ತರಲ್ಲಿ ಎಂಟು ಸಲ ಹೆಣೆದ ಕೈ ತಪ್ಪಿರುವುದಿಲ್ಲ. ಅಂಗಡಿಯಲ್ಲಿ ದಾರವನ್ನು ಒಣಗಿದ್ದಾಗ ಮುಟ್ಟಿ ನೋಡಿ ಕೊಂಡಿರುತ್ತಾರೆ, ಒದ್ದೆ ಮಾಡಿ ನೋಡಿರುವುದಿಲ್ಲ. ಈಜುಡುಗೆಯ ದಾರಕ್ಕೆ ಅಂಗಡಿಯ ಪರೀಕ್ಷೆ ನಡೆಯುವುದಿಲ್ಲ, ಬೋಗಾಣಿ ನೀರಿನ ಪರೀಕ್ಷೆಯೇ ಬೇಕು.

ಹಾಗಾಗಿ ಕೆಲಸ ಶುರು ಮಾಡುವ ಮೊದಲು ಅದೇ ದಾರ, ಅದೇ ಸೂಜಿ, ಅದೇ ಹೆಣಿಕೆಯಲ್ಲಿ 10 ಸೆಂ.ಮೀ. ಉದ್ದ, 10 ಸೆಂ.ಮೀ. ಅಗಲದ ಒಂದು ಮಾದರಿ ತುಂಡು ಮಾಡಿಕೊಳ್ಳಿ. ಮುಂದೆ ಹೇಳುವ ಹೆಚ್ಚಿನ ಪರೀಕ್ಷೆಗಳು ಆ ತುಂಡಿನ ಮೇಲೆಯೇ ನಡೆಯುತ್ತವೆ. ಉಡುಪು ಆಗಲೇ ತಯಾರಾಗಿದ್ದರೆ ಅದನ್ನೇ ಬಕೆಟ್‌ಗೆ ಹಾಕಿ. ಬೇಕಾಗುವುದು ಟೇಪು, ನಾಲ್ಕು ಬಟ್ಟೆ ಕ್ಲಿಪ್ಪು, ಅಡುಗೆಮನೆಯ ಚಿಕ್ಕ ತಕ್ಕಡಿ.

ನೀರಿನಿಂದ ಮೇಲೆದ್ದ ಕೂಡಲೇ ಜೋತು ಬೀಳುತ್ತದೆ

ಮೊದಲು ಒಂದು ವಿಷಯ ಬೇರೆ ಮಾಡಿಕೊಳ್ಳಿ. ನೀರಿನೊಳಗೆ ಇದ್ದಾಗಲೇ ಉಡುಪು ಮೈ ಬಿಟ್ಟು ತೇಲಾಡುತ್ತಿದ್ದರೆ ಅದು ಅಳತೆಯ ದೋಷ. ನೀರಿನೊಳಗೆ ಮೈಗೆ ಹತ್ತಿಕೊಂಡೇ ಇದ್ದು, ದಂಡೆಗೆ ಬಂದು ನಿಂತಾಗ ಜೋತರೆ ಅದು ಭಾರದ ದೋಷ. ಎರಡಕ್ಕೂ ಮದ್ದು ಬೇರೆ.

ಅಳತೆಯದು ಸುಲಭ. ಬ್ಲೌಸು, ಸ್ವೆಟರು ಮಾಡಿ ರೂಢಿಯಾದವರು ಮೈ ಅಳತೆಗೆ ಒಂದೆರಡು ಇಂಚು ಸೇರಿಸಿ ಲೂಸಿಂಗ್ ಬಿಡುತ್ತಾರೆ. ಈಜುಡುಗೆಗೆ ಇದು ಉಲ್ಟಾ: ಮೈ ಅಳತೆಗಿಂತ ಸುಮಾರು ಹತ್ತನೇ ಒಂದು ಭಾಗ ಕಡಿಮೆ ಹೆಣೆಯಬೇಕು. ಸುತ್ತಳತೆ 90 ಸೆಂ.ಮೀ. ಇದ್ದರೆ ಹೆಣಿಕೆ 81-82 ಸಾಕು. ಹಾಕಿಕೊಂಡಾಗ ತುಸು ಎಳೆದು ನಿಲ್ಲಬೇಕು. ವಿಡಿಯೋ ನೋಡಿ ಹೆಣೆಯುವವರು ಇನ್ನೊಂದು ಕಡೆ ಮೋಸ ಹೋಗುತ್ತಾರೆ. ಅಮೆರಿಕದವರು ‘ಸಿಂಗಲ್ ಕ್ರೋಶಾ’ ಎನ್ನುವ ಗಿಡ್ಡ ಕಂಬಕ್ಕೆ ಬ್ರಿಟಿಷರು ‘ಡಬಲ್’ ಎನ್ನುತ್ತಾರೆ. ಬ್ರಿಟಿಷ್ ಮಾದರಿಯನ್ನು ಅಮೆರಿಕದ ಲೆಕ್ಕದಲ್ಲಿ ಓದಿಕೊಂಡರೆ ಪ್ರತಿ ಸಾಲೂ ಉದ್ದ ಕಂಬದ ಸಾಲಾಗುತ್ತದೆ, ಬಟ್ಟೆ ಜಾಳಾಗುತ್ತದೆ. ದಾರಕ್ಕೆ ಬೈಯುವ ಮೊದಲು ಇದನ್ನು ನೋಡಿ.

ಭಾರದ್ದಾದರೆ ತಕ್ಕಡಿ ತನ್ನಿ. ಮಾದರಿ ತುಂಡನ್ನು ಒಣಗಿದ್ದಾಗ ತೂಗಿ, ಹತ್ತು ನಿಮಿಷ ನೆನೆಸಿ, ಮುಷ್ಟಿಯಲ್ಲಿ ಹಿಂಡಿ ಮತ್ತೆ ತೂಗಿ. ಎರಡು ಮೂರು ಬಗೆಯ ದಾರ ಮನೆಯಲ್ಲಿದ್ದರೆ ಎಲ್ಲದರ ತುಂಡನ್ನೂ ಒಟ್ಟಿಗೆ ನೆನೆಸಿ, ಯಾವುದು ಎಷ್ಟು ನೀರು ಹೊತ್ತುಕೊಂಡು ಬರುತ್ತದೆಂದು ಕಣ್ಣಿಗೆ ಕಾಣುತ್ತದೆ. ಆಮೇಲೆ ಒದ್ದೆ ತುಂಡನ್ನು ಮೇಲೆ ಎರಡು ಕ್ಲಿಪ್ಪಿನಿಂದ ತೂಗುಹಾಕಿ, ಕೆಳಗಿನ ಅಂಚಿಗೆ ಇನ್ನೆರಡು ಕ್ಲಿಪ್ಪು ಕಚ್ಚಿಸಿ ಒಂದು ರಾತ್ರಿ ಬಿಡಿ. ಅರ್ಧ ತಾಸು ಆದ ಮೇಲೊಮ್ಮೆ, ಮತ್ತೆ ಬೆಳಿಗ್ಗೆ ಒಣಗಿದ ಮೇಲೊಮ್ಮೆ ಉದ್ದ ಅಳೆಯಿರಿ. ನನ್ನ ಲೆಕ್ಕ ಇಷ್ಟು: 10 ಸೆಂ.ಮೀ. ಇದ್ದದ್ದು 11 ಆದರೆ ಅಸ್ತರ ಕೊಟ್ಟು ನಿಭಾಯಿಸಬಹುದು, 12 ದಾಟಿದರೆ ಆ ದಾರ ಈಜುಡುಗೆಗೆ ಅಲ್ಲ.

ಒದ್ದೆಯಾದಾಗ ಬೆಳೆದು, ಒಣಗಿದ ಮೇಲೆ ಹೆಚ್ಚುಕಡಿಮೆ ಮೊದಲಿನ ಅಳತೆಗೆ ಬಂದರೆ ಅದು ಹತ್ತಿಯ ಲಕ್ಷಣ. ಹತ್ತಿ ದಾರ ನೀರಿನಲ್ಲಿ ದುರ್ಬಲವಾಗುವುದಿಲ್ಲ, ಒಣಗಿದ್ದಕ್ಕಿಂತ ಒದ್ದೆಯಾದಾಗಲೇ ಅದಕ್ಕೆ ಬಲ ಜಾಸ್ತಿ. ಅದರ ಕೊರತೆ ಎರಡು: ಬಹಳ ನೀರು ಕುಡಿಯುತ್ತದೆ, ಮತ್ತು ಎಳೆದರೆ ಇಲಾಸ್ಟಿಕ್‌ನಂತೆ ಕೂಡಲೇ ತಿರುಗಿ ಬರುವ ಗುಣ ಅದರಲ್ಲಿಲ್ಲ. ಬರೀ ಗಾಳಿಯ ತೇವದಿಂದಲೇ ಹತ್ತಿ ತನ್ನ ತೂಕದ ಶೇ. 8ರಷ್ಟು ನೀರು ಹಿಡಿದಿಟ್ಟುಕೊಂಡಿರುತ್ತದೆ. ನೈಲಾನ್ ಶೇ. 4ರ ಆಸುಪಾಸು, ಪಾಲಿಯೆಸ್ಟರ್ ಶೇ. 0.4 ಮಾತ್ರ. ಮರ್ಸರೈಸ್ಡ್ ಹತ್ತಿ, ಅಂದರೆ ಕಾಸ್ಟಿಕ್ ಸೋಡಾದಲ್ಲಿ ಹದ ಮಾಡಿದ ಹೊಳಪಿನ ದಾರ, ಸಾದಾ ಹತ್ತಿಗಿಂತ ಗಟ್ಟಿ, ಬಣ್ಣವನ್ನೂ ಚೆನ್ನಾಗಿ ಹಿಡಿಯುತ್ತದೆ. ಆದರೆ ನೀರು ಕುಡಿಯುವುದನ್ನು ಅದೂ ಬಿಡುವುದಿಲ್ಲ.

ಒಣಗಿದ ಮೇಲೂ ಉದ್ದವಾಗಿಯೇ ಉಳಿದರೆ ಎರಡು ಅನುಮಾನ. ಒಂದು ವಿಸ್ಕೋಸ್, ಅಂದರೆ ಮರದ ತಿರುಳಿನಿಂದ ಮಾಡುವ ರೇಯಾನ್ ದಾರ. ನಮ್ಮ ಕಡೆ ಈ ಅನುಮಾನಕ್ಕೆ ಕಾರಣವೂ ಇದೆ. ಇಳಕಲ್ಲ ಸೀರೆ, ಗುಳೇದಗುಡ್ಡದ ಖಣ ನೇಯುವ ಮನೆಗಳಲ್ಲಿ ಚಮಕಾ ದಾರ, ಅಂದರೆ ಹೆಚ್ಚಾಗಿ ವಿಸ್ಕೋಸಿನಿಂದಲೇ ಮಾಡುವ ಆರ್ಟ್ ಸಿಲ್ಕ್, ಉಳಿದಿರುತ್ತದೆ. ನುಣುಪು, ಹೊಳಪು, ಬಣ್ಣಕ್ಕೆ ಬಣ್ಣ. ನಾಲ್ಕು ಎಳೆ ಕೂಡಿಸಿ ಕ್ರೋಶಾ ಮಾಡಲು ಕೈ ತುರಿಸುತ್ತದೆ. ಸೀರೆಗೆ ಒಪ್ಪುವ ಆ ದಾರ ನೀರಿಗೆ ಒಪ್ಪುವುದಿಲ್ಲ. ವಿಸ್ಕೋಸ್ ಒದ್ದೆಯಾದಾಗ ತನ್ನ ಬಲದ ಮೂರನೇ ಒಂದು ಭಾಗದಿಂದ ಅರ್ಧದವರೆಗೂ ಕಳೆದುಕೊಳ್ಳುತ್ತದೆ. ‘ಬಾಂಬೂ’ ಎಂದು ಚೀಟಿ ಹಚ್ಚಿ ಮಾರುವ ಮೆತ್ತನೆಯ ದಾರವೂ ಬಹುತೇಕ ಇದೇ ವಿಸ್ಕೋಸ್, ಬಿದಿರಿನ ತಿರುಳಿನಿಂದ ಮಾಡಿದ್ದು ಅಷ್ಟೇ.

ಇನ್ನೊಂದು ಅನುಮಾನ, ಬಿಸಿ ತಾಗಿದ ಅಕ್ರಿಲಿಕ್. ಬೆಳಗಾವಿಯ ಗಣಪತ ಗಲ್ಲಿಯಲ್ಲೋ ಖಡೇಬಜಾರದಲ್ಲೋ ‘ಉಲನ್’ ಕೊಡಿ ಎಂದರೆ ಕೊಡುವುದು ಹೆಚ್ಚಾಗಿ ಅಕ್ರಿಲಿಕ್ಕೇ, ಕುರಿಯ ಉಣ್ಣೆಯಲ್ಲ. ಅದು ನೀರು ಕಡಿಮೆ ಕುಡಿಯುತ್ತದೆ, ಬಿಸಿಲಿಗೂ ಕ್ಲೋರಿನ್‌ಗೂ ತಡೆಯುತ್ತದೆ. ಆದರೆ ಮುಗಿದ ಕೆಲಸ ಚಪ್ಪಟೆಯಾಗಲಿ ಎಂದು ಅದರ ಮೇಲೆ ಇಸ್ತ್ರಿಯ ಬಿಸಿ ಉಗಿ ಬಿಟ್ಟರೆ ಎಳೆಯ ಬಿಗಿ ಒಮ್ಮೆಗೇ ಹೋಗಿಬಿಡುತ್ತದೆ. ಹೋದದ್ದು ಹೋಯಿತು, ಮರಳಿ ಬರುವುದಿಲ್ಲ.

ರಿಪೇರಿಯನ್ನು ಕಡಿಮೆ ಖರ್ಚಿನಿಂದ ಶುರು ಮಾಡಿ. ಕಾಲು, ಸೊಂಟ, ಎದೆ ಕೆಳಗಿನ ಅಂಚುಗಳಲ್ಲಿ ತೆಳು ಇಲಾಸ್ಟಿಕ್ ದಾರವನ್ನು ಸೇರಿಸಿ ಒಂದು ಸಾಲು ಗಿಡ್ಡ ಕಂಬ ಹೆಣೆಯಿರಿ, ಅರ್ಧ ದೂರು ಅಲ್ಲೇ ಮುಗಿಯುತ್ತದೆ. ಹೆಗಲ ಪಟ್ಟಿ ಬೆಳೆಯುತ್ತಿದ್ದರೆ ಅದನ್ನು ಬಿಚ್ಚಿ, ಸಾಲುಗಳು ಉದ್ದಕ್ಕೆ ಓಡುವ ಹಾಗೆ ಮತ್ತೆ ಮಾಡಿ. ಅಡ್ಡ ಸಾಲುಗಳನ್ನು ಒಂದರ ಮೇಲೊಂದು ಪೇರಿಸಿದ ಪಟ್ಟಿ ಭಾರಕ್ಕೆ ಹೆಚ್ಚು ಹಿಗ್ಗುತ್ತದೆ. ಮೂರನೆಯದು ಅಸ್ತರ: ನೈಲಾನ್-ಲೈಕ್ರಾ ಬಟ್ಟೆಯನ್ನು ಒಳಗೆ ಕೊಟ್ಟರೆ ಭಾರವನ್ನು ಅದು ಹೊರುತ್ತದೆ, ಕ್ರೋಶಾ ಮೇಲೆ ಅಲಂಕಾರಕ್ಕೆ ನಿಲ್ಲುತ್ತದೆ. ಅಸ್ತರ ಹೊಲಿಯುವಾಗ ಮಷಿನ್‌ನಲ್ಲಿ ನೇರ ಹೊಲಿಗೆ ಹಾಕಬೇಡಿ, ಎಳೆದಾಗ ಪಟಪಟ ಹರಿಯುತ್ತದೆ, ಝಿಗ್‌ಝಾಗ್ ಹಾಕಿ. ಇಷ್ಟಾದರೂ ನಿಲ್ಲದಿದ್ದರೆ ಬಿಚ್ಚುವುದೇ ದಾರಿ. ಚೀಟಿಯ ಮೇಲೆ 4 ಮಿ.ಮೀ. ಸೂಜಿ ಎಂದಿದ್ದರೆ 3 ಅಥವಾ 3.5ಕ್ಕೆ ಇಳಿಯಿರಿ, ಬಲೆಯಂಥ ವಿನ್ಯಾಸ ಬಿಟ್ಟು ಒತ್ತಾಗಿ ಹೆಣೆಯಿರಿ.

ಹೊಸದಾಗಿ ಕೊಳ್ಳುವವರಿಗೆ ನನ್ನ ಆಯ್ಕೆ: ಶೇ. 2ರಿಂದ 4ರಷ್ಟು ಇಲಾಸ್ಟಿಕ್ ಎಳೆ ಸೇರಿದ ತೆಳು ಹತ್ತಿ, ಇಲ್ಲವೇ ಸ್ಪ್ಯಾಂಡೆಕ್ಸ್ (ಲೈಕ್ರಾ ಎಂಬ ಹೆಸರಿನಲ್ಲೂ ಸಿಗುವ ಹಿಗ್ಗುವ ಎಳೆ) ಬೆರೆತ ನೈಲಾನ್ ಅಥವಾ ಪಾಲಿಯೆಸ್ಟರ್. ದಪ್ಪ ದಾರ ಬೇಡವೇ ಬೇಡ, ಬೇಗ ಮುಗಿಯುತ್ತದೆ ಎಂಬ ಆಸೆಗೆ ಬಿದ್ದರೆ ಅಷ್ಟೂ ನೀರು ಹೊರಬೇಕು. ಇಂಥ ದಾರ ನಮ್ಮ ಪೇಟೆಯಲ್ಲಿ ಕೇಳಿದ ಕೂಡಲೇ ಸಿಗುವುದು ಕಷ್ಟ, ಆನ್‌ಲೈನ್ ತರಿಸಬೇಕಾದೀತು. ಸಿಗದಿದ್ದರೆ ತೆಳು ಮರ್ಸರೈಸ್ಡ್ ಹತ್ತಿ, ಅಂಚಿಗೆ ಇಲಾಸ್ಟಿಕ್, ಒಳಗೆ ಅಸ್ತರ. ಇದು ಎರಡನೇ ದರ್ಜೆಯ ಉಪಾಯವೇನಲ್ಲ, ಚೆನ್ನಾಗಿಯೇ ಬಾಳುತ್ತದೆ. ಅಂದಹಾಗೆ ಜೋತು ಬೀಳುವ ಗೋಳು ನಮ್ಮದೊಂದೇ ಅಲ್ಲ. ನೂರು ವರ್ಷದ ಹಿಂದೆ ಯುರೋಪು, ಅಮೆರಿಕದವರು ಉಣ್ಣೆ ಹೆಣಿಕೆಯ ಈಜುಡುಗೆ ತೊಟ್ಟು ಇದೇ ಪಾಡು ಪಡುತ್ತಿದ್ದರು. ಸ್ಪ್ಯಾಂಡೆಕ್ಸ್ ಹುಟ್ಟಿದ್ದೇ 1958ರಲ್ಲಿ, ಅಮೆರಿಕದ ಡುಪಾಂಟ್ ಕಂಪನಿಯಲ್ಲಿ.

ಕೆಲವು ಸಲ ಚೆನ್ನಾಗಿತ್ತು, ಈಗ ಬಿಗಿಯೇ ಇಲ್ಲ

ಇದು ಹೆಣಿಕೆಯ ದೋಷ ಅಲ್ಲವೇ ಅಲ್ಲ. ಅಂಚನ್ನು ಕಿವಿಯ ಹತ್ತಿರ ಹಿಡಿದು ನಿಧಾನವಾಗಿ ಎಳೆಯಿರಿ. ಚಿಟಿಚಿಟಿ ಸದ್ದು ಬಂದರೆ, ಅಥವಾ ಬೆಳಕಿಗೆ ಹಿಡಿದಾಗ ಕೂದಲಿನಷ್ಟು ತೆಳ್ಳನೆಯ ಬಿಳಿ ಎಳೆಗಳು ಹೊರಗೆ ಇಣುಕುತ್ತಿದ್ದರೆ ಇಲಾಸ್ಟಿಕ್ ಒಳಗೆ ತುಂಡಾಗಿದೆ.

ಎಲ್ಲಿ ಈಜಿದ್ದು ಎಂದು ಕೇಳಿಕೊಳ್ಳಿ. ಈಜುಕೊಳದಲ್ಲಾದರೆ ಕ್ಲೋರಿನ್. ಲೀಟರಿಗೆ 1ರಿಂದ 3 ಮಿ.ಗ್ರಾಂ. ಕ್ಲೋರಿನ್ ಇರುವುದು ಸಾಮಾನ್ಯ. ಮೈಗೆ ಅದು ಅಷ್ಟಾಗಿ ತಿಳಿಯುವುದಿಲ್ಲ, ಸ್ಪ್ಯಾಂಡೆಕ್ಸ್‌ಗೆ ಮಾತ್ರ ದಿನದಿನವೂ ಕಚ್ಚುತ್ತದೆ. ನೈಲಾನ್‌ಗೂ ಸ್ವಲ್ಪ ಪೆಟ್ಟು, ಪಾಲಿಯೆಸ್ಟರ್‌ಗೆ ಬಹಳ ಕಡಿಮೆ. ಬಾವಿ, ಹೊಳೆ, ಸಮುದ್ರದಲ್ಲಷ್ಟೇ ಈಜಿದ್ದರೆ ಬಿಸಿಲಿನ ಮೇಲೆ ಅನುಮಾನ ಪಡಿ. ವಿಜಯಪುರದ ಏಪ್ರಿಲ್-ಮೇ ಬಿಸಿಲು 40 ಡಿಗ್ರಿ ದಾಟುತ್ತದೆ, ಆ ಬಿಸಿಲಿಗೆ ಕಾದ ಮಾಳಿಗೆಯ ಮೇಲೆ ಹರವಿದ ಉಡುಪಿನ ಇಲಾಸ್ಟಿಕ್ ಒಂದು ಬೇಸಿಗೆ ತಡೆದರೆ ದೊಡ್ಡದು. ಬಾವಿಗಿಳಿಯುವ ಮುಂಚೆ ಮೈಗೆ ಕೊಬ್ಬರಿ ಎಣ್ಣೆ ತಿಕ್ಕಿಕೊಳ್ಳುವ ರೂಢಿಯೂ ರಬ್ಬರ್ ಎಳೆಗೆ ಒಳ್ಳೆಯದಲ್ಲ.

ಖರ್ಚಿಲ್ಲದ ಉಪಾಯ: ಕೊಳಕ್ಕೆ ಇಳಿಯುವ ಮುಂಚೆ ಉಡುಪನ್ನು ನಲ್ಲಿ ನೀರಲ್ಲಿ ನೆನೆಸಿ ಹಾಕಿಕೊಳ್ಳಿ. ಮೊದಲೇ ನೀರು ಕುಡಿದ ದಾರ ಕ್ಲೋರಿನ್ ನೀರನ್ನು ಕಡಿಮೆ ಎಳೆದುಕೊಳ್ಳುತ್ತದೆ. ಹೊರಬಂದ ಕೂಡಲೇ ತಣ್ಣೀರಲ್ಲಿ ಜಾಲಾಡಿಸಿ, ಹಿಂಡಿ ತಿರುಚದೆ ಟವೆಲ್‌ನಲ್ಲಿ ಸುತ್ತಿ ಒತ್ತಿ, ನೆರಳಲ್ಲಿ ಮಲಗಿಸಿ ಒಣಗಿಸಿ. ಅಂಚಿನಲ್ಲಿ ಬೇರೆಯಾಗಿ ಸೇರಿಸಿದ ಇಲಾಸ್ಟಿಕ್ ಆದರೆ ಆ ಸಾಲನ್ನಷ್ಟೇ ಬಿಚ್ಚಿ ಹೊಸದು ಹಾಕಬಹುದು. ದಾರದೊಳಗೇ ಬೆರೆತ ಎಳೆ ಸತ್ತಿದ್ದರೆ ಅದಕ್ಕೆ ರಿಪೇರಿ ಇಲ್ಲ.

ಒದ್ದೆಯಾದರೆ ಒಳಗಿನದೆಲ್ಲ ಕಾಣುತ್ತದೆ

ಯಾರೂ ಬಾಯಿಬಿಟ್ಟು ಕೇಳದ, ಆದರೆ ಎಲ್ಲರಿಗೂ ಇರುವ ಪ್ರಶ್ನೆ. ಒಣ ಹತ್ತಿಯಲ್ಲಿ ಎಳೆಗಳ ನಡುವೆ ಗಾಳಿ ಇರುತ್ತದೆ, ಬೆಳಕು ಚದುರಿ ಬಟ್ಟೆ ಬೆಳ್ಳಗೆ ಕಾಣುತ್ತದೆ. ಆ ಜಾಗಕ್ಕೆ ನೀರು ತುಂಬಿದರೆ ಬೆಳಕು ಚದುರದೆ ಒಳಗೆ ದಾಟುತ್ತದೆ. ಬಿಳಿ, ಹಾಲುಬಿಳಿ, ತಿಳಿ ಗುಲಾಬಿ, ತಿಳಿ ಹಳದಿ, ಇವೆಲ್ಲ ಇದೇ ಗುಂಪು.

ಪರೀಕ್ಷೆ ಸುಲಭ: ಒದ್ದೆ ತುಂಡನ್ನು ಹಾಕಿಕೊಂಡಾಗ ಎಷ್ಟು ಎಳೆಯುತ್ತದೋ ಅಷ್ಟು ಎಳೆದು ಪೇಪರಿನ ಮೇಲೆ ಇಡಿ. ದಪ್ಪ ಅಕ್ಷರದ ತಲೆಬರಹ ಓದಲು ಬಂದರೆ ಅಸ್ತರವಿಲ್ಲದೆ ತೊಡುವ ಮಾತಿಲ್ಲ. ಸಣ್ಣ ಸೂಜಿಯಿಂದ ಸ್ವಲ್ಪ ಅನುಕೂಲವಾಗುತ್ತದೆ, ಗಾಢ ಬಣ್ಣದಿಂದ ಇನ್ನೂ ಸ್ವಲ್ಪ. ಆದರೂ ನಾನು ಅಸ್ತರಕ್ಕೇ ಓಟು ಹಾಕುವವಳು. ಅದಕ್ಕೆ ಬಿಳಿ ಬೇಡ, ಮೈಬಣ್ಣಕ್ಕೆ ಹತ್ತಿರದ್ದು ತನ್ನಿ. ಬಲೆಯಂಥ ಹೆಣಿಕೆಯ ತೂತುಗಳಿಂದ ಬಿಸಿಲೂ ಇಳಿಯುತ್ತದೆ, ಬೆನ್ನಿನ ಮೇಲೆ ಅದೇ ವಿನ್ಯಾಸ ಕಪ್ಪಗೆ ಮೂಡೀತು.

ಬಣ್ಣ ಬಿಡುತ್ತದೆ, ಅಥವಾ ಬಣ್ಣ ಹಾರುತ್ತದೆ

ನೀರು ಕೆಂಪಾದರೆ ದಾರ ಬಣ್ಣ ಬಿಡುತ್ತಿದೆ. ನೀರು ತಿಳಿಯಾಗಿಯೇ ಇದ್ದು ಉಡುಪು ಮಾತ್ರ ಮಾಸುತ್ತಿದ್ದರೆ ಅದು ಕ್ಲೋರಿನ್ ಅಥವಾ ಬಿಸಿಲಿನ ಕೆಲಸ.

ಮೊದಲನೆಯದಕ್ಕೆ, ಹೆಣೆಯುವ ಮುಂಚೆಯೇ ಒಂದು ಗೇಣು ದಾರವನ್ನು ಉಗುರುಬೆಚ್ಚಗಿನ ಸಾಬೂನು ನೀರಲ್ಲಿ ನೆನೆಸಿ ಬಿಳಿ ಬಟ್ಟೆಯ ನಡುವೆ ಒತ್ತಿ. ಕೆಂಪು, ಕಡುನೀಲಿ, ಕಪ್ಪು ಬಣ್ಣಕ್ಕೆ ಈ ಪರೀಕ್ಷೆ ತಪ್ಪಿಸಬೇಡಿ, ಅದರಲ್ಲೂ ಬಿಳಿಯ ಜೊತೆ ಪಟ್ಟೆ ಹಾಕುವುದಿದ್ದರೆ. ಹೊಸ ಸೀರೆಯನ್ನು ಉಪ್ಪು ನೀರಲ್ಲಿ ನೆನೆಸುವ ಹಾಗೆ ಇದನ್ನೂ ನೆನೆಸಿದರೆ ಬಣ್ಣ ಕಟ್ಟುತ್ತದೆ ಎಂದು ಮನೆಯ ಹಿರಿಯರು ಹೇಳುತ್ತಾರೆ. ಕಾರ್ಖಾನೆಯಲ್ಲಿ ಬಣ್ಣ ಹಾಕಿ ಮುಗಿಸಿದ ಹತ್ತಿಗೆ ಉಪ್ಪಾಗಲಿ ವಿನೆಗರ್ ಆಗಲಿ ಆಮೇಲೆ ಏನೂ ಮಾಡುವುದಿಲ್ಲ. ಹೆಚ್ಚಾಗಿ ಕೂತಿದ್ದ ಸಡಿಲು ಬಣ್ಣ ಮೂರು ನಾಲ್ಕು ಒಗೆತಕ್ಕೆ ಹೋಗಿ, ನೀರು ತಿಳಿಯಾದರೆ ಸರಿ. ಐದಾರು ಸಲಕ್ಕೂ ನಿಲ್ಲದಿದ್ದರೆ ಆ ದಾರವನ್ನು ತೋರಣಕ್ಕೋ ಚೀಲಕ್ಕೋ ಇಡಿ. ಕೊಳದವರ ಟೈಲ್ಸ್‌ಗೆ ಬಣ್ಣ ಹತ್ತಿಸಿ ಬೈಸಿಕೊಳ್ಳುವುದು ಯಾರಿಗೆ ಬೇಕು?

ಚುಚ್ಚುತ್ತದೆ, ತುರಿಸುತ್ತದೆ, ದದ್ದು ಏಳುತ್ತದೆ

ಎಲ್ಲಿ ಎಂಬುದನ್ನು ನೋಡಿ. ಅಂಚಿನಲ್ಲಿ, ತೊಡೆ ಸಂದಿಯಲ್ಲಿ, ಪಟ್ಟಿಯ ಕೆಳಗೆ ಮಾತ್ರ ಕೆಂಪಾಗಿದ್ದರೆ ಅದು ತಿಕ್ಕಾಟ. ಉಪ್ಪು ನೀರು, ಮರಳು ಸೇರಿದರೆ ಒರಟು ದಾರ ಚರ್ಮ ಕೆರೆಯುತ್ತದೆ. ಪರ್ಸು, ಜೋಕಾಲಿಗೆ ಬಳಸುವ ಮ್ಯಾಕ್ರಮೆ ನೈಲಾನ್ ದಾರದಲ್ಲಿ ಹೆಣೆದವರ ದೂರು ಇದೇ. ನೀರು ಕುಡಿಯುವುದಿಲ್ಲ, ನಿಜ, ಆದರೆ ಗಂಟು ಗಂಟಾಗಿ ಒತ್ತುತ್ತದೆ. ದಾರ ಕೊಳ್ಳುವಾಗ ಅಂಗೈಯಲ್ಲಿ ಮುಟ್ಟಿ ನೋಡಬೇಡಿ, ಕತ್ತಿನ ಪಕ್ಕ, ಮೊಣಕೈ ಒಳಮಗ್ಗುಲಲ್ಲಿ ತಿಕ್ಕಿ ನೋಡಿ.

ಉಡುಪು ತಾಗಿದ ಕಡೆಯೆಲ್ಲ ಒಂದೇ ಸಮ ದದ್ದು ಎದ್ದರೆ ಬಣ್ಣವೋ, ಉಳಿದ ಸಾಬೂನೋ, ಇಲಾಸ್ಟಿಕ್‌ನ ರಬ್ಬರೋ ಒಗ್ಗುತ್ತಿಲ್ಲ. ಎರಡು ಸಲ ಒಗೆದು, ಚೆನ್ನಾಗಿ ಜಾಲಿಸಿ ನೋಡಿ. ಮತ್ತೆ ಬಂದರೆ ತೊಡುವುದನ್ನು ನಿಲ್ಲಿಸಿ. ಗುಳ್ಳೆ ಎದ್ದರೆ, ದದ್ದು ಹರಡಿದರೆ, ಕೀವು ಕಂಡರೆ ಚರ್ಮದ ಡಾಕ್ಟರ ಹತ್ತಿರ ಹೋಗಿ. ಮುಖ, ತುಟಿ ಊದಿಕೊಂಡರೆ ಅಥವಾ ಉಸಿರು ಕಟ್ಟಿದರೆ ಕಾಯಬೇಡಿ, ಆಗಿಂದಾಗಲೇ ಆಸ್ಪತ್ರೆ. ತೊಡೆ ಸಂದಿಯಲ್ಲಿ ಉಂಗುರದ ಆಕಾರದಲ್ಲಿ ತುರಿ ಬಂದರೆ ಅದು ಗಜಕರ್ಣ ಇರಬಹುದು. ಒದ್ದೆ ಉಡುಪಿನಲ್ಲೇ ಗೋವಾದಿಂದ ಬೆಳಗಾವಿಯವರೆಗೆ ಕಾರಲ್ಲಿ ಕೂತು ಬಂದರೆ ಬಾರದೆ ಇರುತ್ತದೆಯೇ? ಮೆಡಿಕಲ್ ಅಂಗಡಿಯವನು ಕೊಟ್ಟ ಮುಲಾಮು ಹಚ್ಚಿಕೊಂಡು ಕೂರಬೇಡಿ. ಸ್ಟೀರಾಯ್ಡ್ ಇರುವ ಮುಲಾಮು ಅದನ್ನು ಒಳಗೊಳಗೇ ಬೆಳೆಸುತ್ತದೆ.

ಒಗೆದ ಮೇಲೆ ಬಿರುಸಾಗುತ್ತದೆ, ವಾಸನೆ ಬಿಡುವುದಿಲ್ಲ

ಬಿರುಸಿಗೆ ಕಾರಣ ಬೋರ್‌ವೆಲ್ಲಿನ ಗಡಸು ನೀರು. ಅದರ ಸುಣ್ಣದಂಶ ಸಾಬೂನಿನ ಜೊತೆ ಕೂಡಿ ಎಳೆಗಳ ನಡುವೆ ಕೂರುತ್ತದೆ. ಬಟ್ಟೆ ಸಾಬೂನು ಬಿಟ್ಟು ದ್ರವ ಡಿಟರ್ಜೆಂಟ್ ಚೂರೇ ಚೂರು ಬಳಸಿ, ಕೊನೆಯ ಜಾಲಿಗೆ ಫಿಲ್ಟರ್ ನೀರು ಅಥವಾ ಮಳೆನೀರು ಇರಲಿ. ಒಂದು ಬಕೆಟ್‌ಗೆ ಎರಡು ಚಮಚ ಬಿಳಿ ವಿನೆಗರ್ ಹಾಕಿದರೂ ಮೆತ್ತಗಾಗುತ್ತದೆ. ಆದರೆ ಬ್ಲೀಚಿಂಗ್ ಇರುವ ಯಾವುದರ ಜೊತೆಗೂ ವಿನೆಗರ್ ಕೂಡಿಸಬೇಡಿ, ವಿಷದ ಕ್ಲೋರಿನ್ ಅನಿಲ ಏಳುತ್ತದೆ. ವಾಸನೆ ಬಂದರೆ ದಪ್ಪ ಹತ್ತಿ ಒಳಗೆ ಒಣಗಿಲ್ಲ ಎಂದರ್ಥ. ಒಗೆದು, ಗಾಳಿ ಆಡುವ ಕಡೆ ಆಗಾಗ ತಿರುವಿ ಹಾಕಿ.

ದಾರ ಯಾವುದೆಂದೇ ಗೊತ್ತಿಲ್ಲ

ಚೀಟಿ ಕಳೆದಿದೆ, ಅಥವಾ ಬಿಡಿ ಉಂಡೆ ತಂದಿದ್ದೀರಿ. ಅಂಗಡಿಯವನು “ಪ್ಯೂರ್ ಕಾಟನ್ ಐತ್ರಿ ವೈನಿ, ಕಣ್ಣ ಮುಚ್ಚಿ ಒಯ್ರಿ” ಎಂದಿದ್ದಾನೆ. ಕಣ್ಣು ತೆರೆದೇ ನೋಡೋಣ.

ಬೆಂಕಿಯ ಪರೀಕ್ಷೆಯನ್ನು ಬೇರೆ ಪರೀಕ್ಷೆಗಳೆಲ್ಲ ಮುಗಿದ ಮೇಲೆ ಮಾಡಿ, ದೊಡ್ಡವರೇ ಮಾಡಿ. ಸ್ಟೀಲ್ ತಟ್ಟೆಯಲ್ಲಿ ನೀರಿಟ್ಟು, ಎರಡು ಇಂಚು ದಾರವನ್ನು ಇಕ್ಕಳದಲ್ಲಿ ಹಿಡಿದು, ಕಿಟಕಿ ತೆಗೆದು, ತಟ್ಟೆಯ ಮೇಲೆಯೇ ಸುಡಬೇಕು. ಸೆರಗು, ಓಢಣಿ, ಬಿಚ್ಚುಗೂದಲು ಹತ್ತಿರ ಬರಬಾರದು. ಕೃತಕ ದಾರ ಕರಗಿ ತೊಟ್ಟಿಕ್ಕುತ್ತದೆ, ಚರ್ಮಕ್ಕೆ ಬಿದ್ದರೆ ಅಂಟಿಕೊಂಡು ಸುಡುತ್ತದೆ. ಕಾಗದ ಸುಟ್ಟ ವಾಸನೆ ಬಂದು ಮೆತ್ತನೆಯ ಬೂದಿ ಉಳಿದರೆ ಹತ್ತಿ ಅಥವಾ ವಿಸ್ಕೋಸ್. ಕೂದಲು ಸುಟ್ಟ ವಾಸನೆ, ಬೆರಳಲ್ಲಿ ಪುಡಿಯಾಗುವ ಕರಿ ಬೂದಿ ಇದ್ದರೆ ನಿಜವಾದ ಉಣ್ಣೆ ಅಥವಾ ರೇಷ್ಮೆ. ಕರಗಿ, ತಣ್ಣಗಾದ ಮೇಲೆ ಗಟ್ಟಿ ಮಣಿಯಾದರೆ ನೈಲಾನ್, ಪಾಲಿಯೆಸ್ಟರ್, ಅಕ್ರಿಲಿಕ್‌ಗಳಲ್ಲಿ ಒಂದು. ಇವುಗಳಲ್ಲಿ ಅಕ್ರಿಲಿಕ್ ಚಟಪಟ ಎನ್ನುತ್ತ ಕರಿ ಹೊಗೆ ಬಿಟ್ಟು ಜೋರಾಗಿ ಉರಿಯುತ್ತದೆ. ಹತ್ತಿಯನ್ನೂ ವಿಸ್ಕೋಸನ್ನೂ ಬೆಂಕಿ ಬೇರೆ ಮಾಡಿಕೊಡುವುದಿಲ್ಲ, ಅದಕ್ಕೆ ನೀರೇ ಬೇಕು: ಎಳೆಯನ್ನು ಒಣಗಿದ್ದಾಗ ಒಮ್ಮೆ, ಒದ್ದೆ ಮಾಡಿ ಒಮ್ಮೆ ಎಳೆದು ಹರಿಯಿರಿ. ಒದ್ದೆಯಾದಾಗ ಸುಲಭವಾಗಿ ಹರಿದರೆ ವಿಸ್ಕೋಸ್.

ಯಾವಾಗ ನೀರಿಗೆ ಇಳಿಸಲೇಬಾರದು

ಚಿಕ್ಕ ಮಕ್ಕಳಿಗೆ ಕತ್ತಿಗೆ ಕಟ್ಟುವ ಉದ್ದ ಲಾಡಿ ಬೇಡ. ಏಣಿ, ಕೊಕ್ಕೆ, ಕೊಳದ ತಳದ ಜಾಲರಿಗೆ ಸಿಕ್ಕಿಕೊಂಡರೆ ಉಸಿರಿಗೇ ಸಂಚಕಾರ. ಮಗುವಿನ ಕೈಕಾಲ ಬೆರಳು ತೂರುವಷ್ಟು ದೊಡ್ಡ ತೂತಿನ ಹೆಣಿಕೆಯೂ ಬೇಡ. ನೆನೆದು ಭಾರವಾಗುವ ಹತ್ತಿಯ ಲಂಗ, ಫ್ರಿಲ್‌ಗಳು ಈಜು ಕಲಿಯುತ್ತಿರುವವರನ್ನು ಕೆಳಕ್ಕೆ ಎಳೆಯುತ್ತವೆ. ಕಾಲುವೆಯಲ್ಲಿ, ಆಲಮಟ್ಟಿ ಹಿನ್ನೀರಿನಲ್ಲಿ ಇಳಿಯುವವರು ಕ್ರೋಶಾ ತೊಡದಿದ್ದರೇ ಒಳ್ಳೆಯದು, ಮುಳ್ಳು ಬೇರುಗಳಿಗೆ ದಾರ ಸಿಕ್ಕಿದರೆ ಬಿಡಿಸಿಕೊಳ್ಳಲು ಪುರುಸೊತ್ತಿರುವುದಿಲ್ಲ. ಈಜುಕೊಳಕ್ಕೆ ಹೋಗುವವರು ದಾರ ಕೊಳ್ಳುವ ಮುಂಚೆಯೇ ಒಂದು ಮಾತು ವಿಚಾರಿಸಿ. ಬಹಳ ಕಡೆ ನೈಲಾನ್ ಕಾಸ್ಟ್ಯೂಮ್ ಬಿಟ್ಟು ಬೇರೆಯದನ್ನು ಒಳಗೆ ಬಿಡುವುದಿಲ್ಲ. ಹತ್ತಿಯ ನಾರು ಫಿಲ್ಟರಿಗೆ ಕಟ್ಟಿಕೊಳ್ಳುತ್ತದೆ.

ಪರೀಕ್ಷೆಯಲ್ಲಿ ಬಿದ್ದ ಹತ್ತಿ ದಾರ ಕೈಯಲ್ಲಿ ಉಳಿದಿದ್ದರೆ ಎಸೆಯಬೇಡಿ. ಈಜುಡುಗೆಯ ಮೇಲೆ ಹಾಕಿಕೊಳ್ಳುವ ಸಡಿಲ ಮೇಲಂಗಿಗೆ ಅದಕ್ಕಿಂತ ಒಳ್ಳೆಯ ದಾರ ಇಲ್ಲ. ಅಲ್ಲಿ ದೊಡ್ಡ ಸೂಜಿ, ಬಲೆಯ ವಿನ್ಯಾಸ, ಬಿಳಿ ಬಣ್ಣ ಎಲ್ಲವೂ ನಡೆಯುತ್ತದೆ. ವಿಸ್ಕೋಸ್ ಆದರೆ ಅದಕ್ಕೂ ಬೇಡ, ಒದ್ದೆ ಮೈಯಿಂದ ನೀರು ಎಳೆದು ಪಾದದವರೆಗೆ ಇಳಿಯುತ್ತದೆ.